ಕುರಕುಂಭದಲ್ಲಿ ಹಡಗಿನ ಲೆಕ್ಕ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕುರಕುಂಭವನ್ನು ದಾಟದವರು ಅಪರೂಪ. ಕುರಕುಂಭಕ್ಕೆಂದೇ ಹೊರಟು ಅಲ್ಲಿ ಇಳಿದವರು ಇನ್ನೂ ಅಪರೂಪ. ವಿಜಯಪುರ, ಕಲಬುರಗಿ, ಬೀದರಗಳ ಕಡೆಗೆ ಮೋಟಾರಿನಲ್ಲಿ ಹೋಗುವವರೆಲ್ಲ ಸೊಲ್ಲಾಪುರದ ಹೆದ್ದಾರಿಯನ್ನು ಹಿಡಿಯಲೇಬೇಕು. ಪುಣೆಯನ್ನು ಬಿಟ್ಟು ಸುಮಾರು ಎಂಬತ್ತು ಕಿಲೋಮೀಟರು ಸಾಗುವಷ್ಟರಲ್ಲಿ ಕಬ್ಬಿನ ಹೊಲಗಳು ಹಿಂದಕ್ಕೆ ಸರಿದು ಕಾರ್ಖಾನೆಗಳ ಚಿಮಣಿಗಳು ಕಾಣತೊಡಗುತ್ತವೆ, ಗಾಳಿಗೆ ಔಷಧದ ಅಂಗಡಿಯ ವಾಸನೆ ಬರುತ್ತದೆ. ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ಕಣ್ಣು ತೆರೆದು, “ಕುರಕುಂಭ ಬಂತೇನು?” ಎಂದು ಕೇಳಿ ಮತ್ತೆ ಕಣ್ಣು ಮುಚ್ಚುತ್ತಾರೆ.

ದೌಂಡ ತಾಲೂಕಿಗೆ ಸೇರಿದ ಈ ಊರಿಗೆ ಎರಡು ಮುಖಗಳಿವೆ. ಒಂದು, ಫಿರಂಗಾಯಿ ದೇವಿಯ ಊರು. ನವರಾತ್ರಿಯಲ್ಲಿ ಸುತ್ತಲಿನ ಹಳ್ಳಿಗಳಿಂದ ಜನ ಹಣ್ಣುಕಾಯಿ ಹಿಡಿದು ಬರುತ್ತಾರೆ. ಇನ್ನೊಂದು, ಎಂ.ಐ.ಡಿ.ಸಿ.ಯ ಊರು. ಮಹಾರಾಷ್ಟ್ರ ಸರಕಾರ 1962ರಲ್ಲಿ ಸ್ಥಾಪಿಸಿದ ಔದ್ಯೋಗಿಕ ಮಹಾಮಂಡಲವು ಇಲ್ಲಿ ಬೆಳೆಸಿದ ವಸಾಹತಿನಲ್ಲಿ ರಾಸಾಯನಿಕ ಮತ್ತು ಔಷಧ ದ್ರವ್ಯಗಳ ಕಾರ್ಖಾನೆಗಳೇ ಹೆಚ್ಚು. ಹೊಟ್ಟೆಪಾಡಿಗಾಗಿ ನಾನಾ ಕಡೆಯಿಂದ ಬಂದವರು ಇಲ್ಲಿ ಮನೆ ಮಾಡಿದ್ದಾರೆ. ಉತ್ತರಕ್ಕೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ದೌಂಡ ಜಂಕ್ಷನ್ನು. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಉದ್ಯಾನ ಎಕ್ಸ್‌ಪ್ರೆಸ್ಸು ರಾಯಚೂರು, ಕಲಬುರಗಿ, ಸೊಲ್ಲಾಪುರಗಳನ್ನು ಹಾದು ಅಲ್ಲಿಗೇ ಬರುತ್ತದೆ.

ಸಮುದ್ರದಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಒಳಗಿರುವ ಈ ಊರಿನಲ್ಲಿ ಕುಳಿತು ನಾವು, ಎಪ್ಪತ್ತೈದರ ಆಚೀಚೆಯ ಒಂಬತ್ತು ಜನ, ಹಡಗಿನ ಪ್ರಯಾಣದ ಏರ್ಪಾಟಿಗೆ ತೊಡಗಿದೆವೆಂದರೆ ವಾಚಕರಿಗೆ ನಗೆ ಬರಬಹುದು. ಅದಕ್ಕೆ ಕಾರಣವುಂಟು.

ನಾವೆಲ್ಲ ಭೀಮಾತೀರದ ಒಂದು ಕನ್ನಡ ಶಾಲೆಯಲ್ಲಿ ಓದಿದವರು. ಈಚೆಯ ದಂಡೆ ಸೊಲ್ಲಾಪುರ ಜಿಲ್ಲೆ, ಆಚೆಯ ದಂಡೆ ಕರ್ನಾಟಕ, ನಡುವೆ ಹೊಳೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಮಹಾರಾಷ್ಟ್ರದಲ್ಲಿ ಆಗ ಹನ್ನೊಂದನೆಯ ಇಯತ್ತೆಗೆ ಎಸ್.ಎಸ್.ಸಿ. ಪರೀಕ್ಷೆ. 1967ರಲ್ಲಿ ಆ ಪರೀಕ್ಷೆಗೆ ಕೂತ ನಮ್ಮ ವರ್ಗದ ಭಾವಚಿತ್ರದಲ್ಲಿ ಮೂವತ್ತೊಂದು ಮುಖಗಳಿವೆ. ಕೆಲವರು ಸೊಲ್ಲಾಪುರದ ಗಿರಣಿ ಮತ್ತು ಮಗ್ಗಗಳಿಗೆ ಹೋದರು, ಕೆಲವರು ಮುಂಬಯಿಗೆ, ಕೆಲವರು ಪುಣೆಗೆ, ಇಬ್ಬರು ಬೆಂಗಳೂರಿಗೆ. ಇಂದು ವಿಳಾಸ ತಿಳಿದಿರುವವರು ಹದಿನಾಲ್ಕು ಜನ. ವರ್ಷಕ್ಕೊಮ್ಮೆ ಎಲ್ಲಿಯಾದರೂ ಕೂಡುವ ಪದ್ಧತಿಯನ್ನು ಹೇಗೋ ಉಳಿಸಿಕೊಂಡು ಬಂದಿದ್ದೇವೆ.

2024ರ ದೀಪಾವಳಿಯ ಹೊತ್ತಿಗೆ ಮುಂಬಯಿಯ ಗೆಳೆಯರೊಬ್ಬರ ಮೊಮ್ಮಗಳು ಹಡಗಿನಲ್ಲಿ ಗೋವೆಗೆ ಹೋಗಿ ಬಂದಳು. ಅವಳು ತೋರಿಸಿದ ಚಿತ್ರಗಳನ್ನು ಆತ ನಮಗೆಲ್ಲ ಕಳಿಸಿದರು. ಕೆಳಗೆ ಒಂದೇ ಸಾಲು: “ಈ ಸಲ ನಾವೂ ಯಾಕ ಹೋಗಬಾರದು?” ಎಂಟು ದಿನ ನಮ್ಮ ಫೋನುಗಳಿಗೆ ವಿಶ್ರಾಂತಿಯಿರಲಿಲ್ಲ. ಕೊನೆಗೆ ಎದುರೆದುರು ಕೂತು ಮಾತಾಡಿ ತೀರ್ಮಾನಿಸಬೇಕೆಂದು ಗೊತ್ತಾಯಿತು. ಪುಣೆಯವರಿಗೂ ಸೊಲ್ಲಾಪುರದವರಿಗೂ ನಡುವೆ ಬೀಳುವ ಊರು ಕುರಕುಂಭ. ಅಲ್ಲಿ ನಮ್ಮ ಗೆಳೆಯರೊಬ್ಬರು ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಮಗನ ಮನೆಯಲ್ಲಿದ್ದಾರೆ. ಆತನಿಗೆ ಎರಡು ವರ್ಷದಿಂದ ಮೂತ್ರಪಿಂಡದ ಬೇನೆ. ಸೋಮವಾರ, ಬುಧವಾರ, ಶುಕ್ರವಾರ ತಪ್ಪದೆ ಡಯಾಲಿಸಿಸ್ ಆಗಬೇಕು. ಆತನು ನಮ್ಮ ಕಡೆಗೆ ಬರುವುದು ಕಷ್ಟ, ನಾವೇ ಆತನ ಕಡೆಗೆ ಹೋಗುವುದು ಸುಲಭ. ನವೆಂಬರಿನ ಮೂರನೆಯ ಭಾನುವಾರ ಆ ಮನೆಯ ಪಡಸಾಲೆಯಲ್ಲಿ ಒಂಬತ್ತು ಜನ ಸೇರಿದೆವು. ಸೊಸೆ ಜೋಳದ ರೊಟ್ಟಿ, ಎಣ್ಣೆಗಾಯಿ, ಸೊಲ್ಲಾಪುರದ ಶೇಂಗಾ ಚಟ್ನಿ ಮಾಡಿದ್ದಳು.

ಮುಂಬಯಿಯ ಗೆಳೆಯರು ಹಡಗಿನ ಪರವಾಗಿ ವಕೀಲಿ ಮಾಡಿದರು. ತಾರುಣ್ಯದಲ್ಲಿ ಭಾವೂಚಾ ಧಕ್ಕೆಯಿಂದ ಪಣಜಿಗೆ ಹೋಗುತ್ತಿದ್ದ ಕೊಂಕಣದ ಸ್ಟೀಮರಿನಲ್ಲಿ ಅವರು ಪ್ರಯಾಣ ಮಾಡಿದ್ದರಂತೆ. ಬೆಳಿಗ್ಗೆ ಹೊರಟರೆ ಮರುದಿನ ಬೆಳಿಗ್ಗೆ ಗೋವೆ. ಡೆಕ್ಕಿನ ಮೇಲೆ ಚಾದರ ಹಾಸಿ ಜಾಗ ಹಿಡಿಯಬೇಕು. ಪಕ್ಕದಲ್ಲಿ ಕೋಳಿಯ ಬುಟ್ಟಿ, ತಲೆಯ ಮೇಲೆ ನಕ್ಷತ್ರ. ಆ ಸ್ಟೀಮರು ನಿಂತು ದಶಕಗಳಾದವು. 2018ರ ಅಕ್ಟೋಬರಿನಲ್ಲಿ ‘ಆಂಗ್ರಿಯಾ’ ಎಂಬ ಹಡಗು ಅದೇ ಮಾರ್ಗದಲ್ಲಿ ಹೊಸದಾಗಿ ಓಡತೊಡಗಿತು; ಅದೂ ಹೆಚ್ಚು ಕಾಲ ಉಳಿಯಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಎಂಬ ಕಂಪನಿಯವರ ‘ಎಂಪ್ರೆಸ್’ ಹಡಗಿನ ಪ್ರವಾಸಗಳು ಮುಂಬಯಿಯಿಂದ ಆರಂಭವಾದವು: ಗೋವೆ, ಲಕ್ಷದ್ವೀಪ, ಕೊಚ್ಚಿ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು ಅದು. ಉದ್ದ ಸುಮಾರು 690 ಅಡಿ, ಅಂತಸ್ತು ಹನ್ನೊಂದು. ಊಟದ ಸಾಲೆ, ನಾಟ್ಯಗೃಹ, ಈಜುಕೊಳ ಎಲ್ಲ ಒಳಗೇ. ಒಂದು ಹಳ್ಳಿಯೇ ತೇಲುತ್ತ ಹೋದಂತೆ.

“ನಮ್ಮ ಹಳ್ಳಿಗಿಂತ ಛಲೋ ಐತಿ. ನಮ್ಮ ಹಳ್ಳ್ಯಾಗ ಲಿಫ್ಟ ಎಲ್ಲಿತ್ತು?” ಎಂದರು ಒಬ್ಬರು.

ಸೊಲ್ಲಾಪುರದ ಇನ್ನೊಬ್ಬರು, “ನನಗ ಸಮುದ್ರ ಅಂದ್ರ ಅಂಜಿಕಿ. ನಮ್ಮಪ್ಪ ರಾಮದಾಸ ಬೋಟಿನ ಕಥಿ ಹೇಳತಿದ್ದ,” ಎಂದರು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ನೌಕೆ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತ ಸಂಗತಿ ಆ ತಲೆಮಾರಿನವರಿಗೆಲ್ಲ ನೆನಪಿತ್ತು. ಈ ಗೆಳೆಯರು ನಲವತ್ತು ವರ್ಷ ಪವರ್‌ಲೂಮಿನಲ್ಲಿ ದುಡಿದವರು, ಪಿಂಚಣಿಯಿಲ್ಲ. ಅಂಜಿಕೆ ಸಮುದ್ರದ್ದೋ ಟಿಕೇಟಿನದೋ ಎಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ.

ನಮ್ಮ ವರ್ಗದಲ್ಲಿ ಮೊದಲ ನಂಬರಿನಲ್ಲಿ ಪಾಸಾದವರು ಒಬ್ಬ ಹೆಣ್ಣುಮಗಳು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಈಗ ಒಬ್ಬರೇ ಪುಣೆಯಲ್ಲಿರುತ್ತಾರೆ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ, ವಯಸ್ಸಿನಲ್ಲಿ ದೊಡ್ಡವರಲ್ಲದಿದ್ದರೂ. ಅವರು ಚೀಲದಿಂದ ಒಂದು ನೋಟುಬುಕ್ಕು ತೆಗೆದು, “ಮೊದಲ ತೊಡಕು ಎಷ್ಟವ ಬರೀರಿ. ಆಮ್ಯಾಲ ಹಡಗು,” ಎಂದರು. ಮುಂದೆ ಇಂಥ ಪ್ರವಾಸಕ್ಕೆ ಹೊರಡುವ ನಮ್ಮ ಹಿರಿಯರಿಗೆ ಉಪಯೋಗವಾದೀತೆಂದು ಆ ಪಟ್ಟಿಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಕೊಡುತ್ತೇನೆ.

ಮೊದಲನೆಯದು ಋತು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಪಶ್ಚಿಮ ಸಮುದ್ರ ಮುಂಗಾರಿನಿಂದ ಕೆರಳಿರುತ್ತದೆ. ವಯಸ್ಸಾದವರಿಗೆ ಒಳ್ಳೆಯ ಕಾಲವೆಂದರೆ ನವೆಂಬರಿನಿಂದ ಫೆಬ್ರವರಿಯ ವರೆಗೆ.

ಎರಡನೆಯದು ಹಡಗಿನ ಓಲಾಟ. ದೊಡ್ಡ ಹಡಗು ಕಡಿಮೆ ಓಲಾಡುತ್ತದೆ, ಆದರೆ ಓಲಾಡುವುದೇ ಇಲ್ಲವೆಂದಲ್ಲ. ತೊಟ್ಟಿಲಿನ ನಡುವೆ ಮಲಗಿದ ಕೂಸಿಗಿಂತ ತುದಿಯಲ್ಲಿ ಕೂತ ಗೊಂಬೆಗೆ ತೂಗು ಹೆಚ್ಚು, ಹಡಗಿನಲ್ಲೂ ಹಾಗೆಯೇ. ಆದ್ದರಿಂದ ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರವಾಗಿ ಕೇಳಿ ಪಡೆಯಬೇಕು. ವಾಂತಿಗೆ ಕೊಡುವ ಮಾತ್ರೆಗಳಲ್ಲಿ ಹಲವು ಮುದುಕರಿಗೆ ಮಂಪರು ತರುತ್ತವೆ, ಮಂಪರಿನಲ್ಲಿ ಎದ್ದು ನಡೆದರೆ ಬೀಳುವ ಭಯ. ವೈದ್ಯರನ್ನು ಕೇಳದೆ ನುಂಗಬಾರದು.

ಮೂರನೆಯದು ಕಾಲು. ಬಂದರಿನಲ್ಲಿ ಸಾಲು ನಿಲ್ಲಬೇಕು, ತಪಾಸಣೆಯಾಗಬೇಕು, ಓರೆಯಾದ ಮೆಟ್ಟುಹಲಗೆಯ ಮೇಲೆ ಹತ್ತಬೇಕು. ಗಾಲಿಕುರ್ಚಿ ಬೇಕಾದವರು ಟಿಕೇಟಿನ ಜೊತೆಗೇ ಹೇಳಿಡಬೇಕು. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ; ದೂರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆಯ ಮೇಲೆ ಏರಿಳಿಯುವ ದೋಣಿಗೆ ಹೆಜ್ಜೆ ಇಡುವುದು ಮೊಣಕಾಲು ಬದಲಾಯಿಸಿಕೊಂಡವರ ಕೆಲಸವಲ್ಲ.

ನಾಲ್ಕನೆಯದು ಔಷಧ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅವು ಕೋಣೆಗೆ ಬಂದು ಮುಟ್ಟುವುದು ಹೊತ್ತಾಗಬಹುದು. ಬಿ.ಪಿ., ಸಕ್ಕರೆ ಕಾಯಿಲೆಗಳ ಗುಳಿಗೆ, ಇನ್ಸುಲಿನ್, ವೈದ್ಯರ ಚೀಟಿ ಇವೆಲ್ಲ ಕೈಚೀಲದಲ್ಲಿರಬೇಕು. ಪ್ರವಾಸದ ದಿನಗಳಿಗಿಂತ ಮೂರು ದಿನದಷ್ಟು ಹೆಚ್ಚಿಗೆ ಇರಬೇಕು. ಹಡಗಿನಲ್ಲಿ ವೈದ್ಯರಿದ್ದರೂ ಅದು ಪ್ರಥಮೋಪಚಾರಕ್ಕೆ ತಕ್ಕ ಏರ್ಪಾಟೇ ಹೊರತು ಆಸ್ಪತ್ರೆಯಲ್ಲ. ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳನ್ನು ಮುಚ್ಚಿಡಬಾರದು. ಮುಚ್ಚಿಟ್ಟ ವಿಮೆ ಬೇಕಾದಾಗ ಒದಗುವುದಿಲ್ಲ.

ಐದನೆಯದು ಹಣ. ಹಡಗಿನ ಕೋಣೆಯ ದರವನ್ನು ಇಬ್ಬರೆಂದು ಹಿಡಿದೇ ಕಟ್ಟಿರುತ್ತಾರೆ. ಒಬ್ಬರೇ ಇರುವುದಾದರೆ ಎರಡನೆಯವರ ಬಾಬತ್ತಿನಲ್ಲಿ ಬಹುಭಾಗವನ್ನು ತಾವೇ ತೆರಬೇಕು. ಈ ವಯಸ್ಸಿನ ಗುಂಪಿನಲ್ಲಿ ಒಂಟಿಯಾದವರು ಅರ್ಧದಷ್ಟಿರುತ್ತಾರೆ. “ಗಂಡ ತೀರಿಕೊಂಡು ಹತ್ತು ವರ್ಷ ಆತು, ಆತನ ಟಿಕೇಟ ಇನ್ನೂ ತಗೀಬೇಕಂತ,” ಎಂದು ಅಕ್ಕ ನಕ್ಕರು. ಇಬ್ಬರು ಹೆಣ್ಣುಮಕ್ಕಳು ಒಂದು ಕೋಣೆ, ಇಬ್ಬರು ಗಂಡಸರು ಒಂದು ಕೋಣೆ ಎಂದು ಜೋಡಿ ಮಾಡಿದರೆ ಇದಕ್ಕೆ ಪರಿಹಾರವುಂಟು. ಗೊರಕೆ ಹೊಡೆಯುವವರು ಮೊದಲೇ ಹೇಳಬೇಕೆಂದು ಪಟ್ಟಿಯಲ್ಲಿ ಸೇರಿಸಿದೆವು. ಹಿರಿಯರಿಗೆ ರೈಲಿನಲ್ಲಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿದ್ದರಿಂದ ಮುಂಬಯಿಯ ವರೆಗಿನ ಖರ್ಚೂ ಮೊದಲಿನಂತಿಲ್ಲ.

ಪಟ್ಟಿ ಮುಗಿಯುವಷ್ಟರಲ್ಲಿ ಎರಡನೆಯ ಸಲದ ಚಹಾ ಬಂತು. ಅಕ್ಕ ನೋಟುಬುಕ್ಕಿನ ಇನ್ನೊಂದು ಹಾಳೆಯಲ್ಲಿ ಹದಿನಾಲ್ಕು ಹೆಸರು ಬರೆದು ಒಂದೊಂದರ ಮುಂದೆ ಗುರುತು ಹಾಕಿದರು. ಹಡಗಿಗೆ ಹೋಗಬಲ್ಲವರು ಎಂಟು. ಇಬ್ಬರಿಗೆ ಹೃದಯದ ವೈದ್ಯರ ಒಪ್ಪಿಗೆಯಿಲ್ಲ. ಇಬ್ಬರಿಗೆ ಖರ್ಚು ನೀಗುವಂತಿಲ್ಲ. ಒಬ್ಬರು ಹಾಗೆಂದು ಹೇಳಿದರು, ಇನ್ನೊಬ್ಬರು ಹೇಳಲಿಲ್ಲ. ಒಬ್ಬರ ಹೆಂಡತಿ ಹಾಸಿಗೆ ಹಿಡಿದು ನಾಲ್ಕು ವರ್ಷವಾಯಿತು, ಆತನು ಒಂದು ರಾತ್ರಿಯೂ ಮನೆ ಬಿಡುವಂತಿಲ್ಲ. ಇನ್ನೊಬ್ಬರು ಈ ಮನೆಯವರೇ.

ಆ ಗೆಳೆಯರು ಅದುವರೆಗೆ ಗೋಡೆಗೆ ಒರಗಿ ಕೇಳುತ್ತ ಕೂತಿದ್ದರು. ಅವರಿಗೆ ದಿನಕ್ಕೆ ಇಷ್ಟೇ ನೀರೆಂದು ಅಳತೆ. ನಮ್ಮ ಜೊತೆ ಕುಡಿದ ಅರ್ಧ ಕಪ್ಪು ಚಹಾವನ್ನೂ ಸೊಸೆ ಲೆಕ್ಕಕ್ಕೆ ಹಿಡಿದಿದ್ದಳು. ಅವರು ಹೇಳಿದರು: “ಎಂಟು ಮಂದಿ ಹೋಗೂದು ಸಣ್ಣ ಮಾತೇನು? ನೀವು ಹೋಗಿಬರ್ರಿ. ನನಗ ಫೋಟೋ ಕಳಸ್ರಿ. ನನ್ನ ಸಲುವಾಗಿ ನಿಂದರಬ್ಯಾಡ್ರಿ.”

ಈ ಮಾತನ್ನು ಹೇಳುವವರು ಮನಸಾರೆ ಹೇಳುತ್ತಾರೆ. ಕೇಳುವವರಿಗೆ ಅದೇ ಕಷ್ಟ. ನಿಲ್ಲುವುದಾದರೆ ಎಂಟು ಜನರ ಸಂತೋಷಕ್ಕೆ ಆತನು ಅಡ್ಡಿಯಾದಂತೆ ಆತನಿಗೇ ಅನಿಸುತ್ತದೆ. ಹೋಗುವುದಾದರೆ ಆರು ಜನರನ್ನು ದಡದ ಮೇಲೆ ಬಿಟ್ಟು ಅದಕ್ಕೆ ‘ಸಹಪಾಠಿಗಳ ಸಮ್ಮೇಳನ’ ಎಂಬ ಹೆಸರು ಕೊಡಬೇಕಾಗುತ್ತದೆ. ಮುಂಬಯಿಯ ಗೆಳೆಯರ ಪಕ್ಷಕ್ಕೂ ನ್ಯಾಯವಿತ್ತು. “ನಮಗ ಇನ್ನ ಎಷ್ಟು ವರ್ಷ ಅದಾವ? ಆಗೂ ಅಷ್ಟು ದಿನ ಹೋಗಬೇಕು,” ಎಂದರು ಅವರು. ಅದೂ ಸುಳ್ಳಲ್ಲ.

ದಾರಿ ತೋರಿದವರು ಅಕ್ಕ. “ಇವು ಎರಡು ಬ್ಯಾರೆ ಬ್ಯಾರೆ ಕೆಲಸ,” ಎಂದರು. “ಹಡಗಿನ ಮ್ಯಾಲ ಹೋಗೂದು ಪ್ರವಾಸ. ಯಾರಿಗೆ ಆಗತದ ಅವರು ಹೋಗ್ರಿ, ನಾನೂ ಬರ್ತೀನಿ. ನಮ್ಮ ವರ್ಗ ಕೂಡೂದು ಮತ್ತೊಂದು. ಅದಕ್ಕ ಯಾರಿಗೆ ಎಲ್ಲಾರಿಗಿಂತ ಕಡಿಮಿ ಆಗತದ, ಅವರನ್ನ ಹಿಡಿದು ಲೆಕ್ಕಾ ಹಾಕ್ರಿ.” ಎಲ್ಲರಿಗಿಂತ ಕಡಿಮೆ ಅವಕಾಶವಿದ್ದವರು ಆ ಮನೆಯ ಯಜಮಾನರು. ಬುಧವಾರ ಒಂದು ಡಯಾಲಿಸಿಸ್, ಶುಕ್ರವಾರ ಇನ್ನೊಂದು. ನಡುವೆ ಒಂದು ಗುರುವಾರ. ಆ ಒಂದು ಹಗಲಿನಲ್ಲಿ, ಮನೆಯಿಂದ ಒಂದು ತಾಸಿನ ಅಳತೆಯಲ್ಲಿ, ನೀರಿನ ಮೇಲೆ ಹೋಗಿಬರುವ ಜಾಗ ಯಾವುದಿದೆ?

“ಭಿಗವಣ,” ಎಂದ ಮಗ, ಒಳಗಿನಿಂದ.

ಪುಣೆಯಲ್ಲಿರುವ ವಾಚಕರಿಗೆ ಭಿಗವಣದ ಹೆಸರು ಹೊಸದಲ್ಲ. ಕುರಕುಂಭದಿಂದ ಹೆದ್ದಾರಿಯಲ್ಲೇ ಸೊಲ್ಲಾಪುರದ ಕಡೆಗೆ ಮೂವತ್ತು ಕಿಲೋಮೀಟರಿನೊಳಗೆ ಸಿಗುತ್ತದೆ. ಭೀಮಾನದಿಗೆ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ ಕಟ್ಟಿದ ಅಣೆಕಟ್ಟು 1980ರಲ್ಲಿ ಮುಗಿಯಿತು. ಸುಮಾರು 117 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯಕ್ಕೆ ಯಶವಂತಸಾಗರವೆಂದು ಹೆಸರು. ಅದರ ಹಿನ್ನೀರು ಭಿಗವಣದ ಸುತ್ತ ಹರಡಿ ನಿಂತಿದೆ. ಅಲ್ಲಿನ ಕುಂಭಾರಗಾವ, ಡಿಕ್ಸಳ ಮೊದಲಾದ ಹಳ್ಳಿಗಳ ಮೀನುಗಾರರು ಚಳಿಗಾಲದಲ್ಲಿ ಪಕ್ಷಿ ನೋಡಲು ಬಂದವರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಎಂಟು ಜನರ ಬೊಂಬಾಯಿ ಹಡಗು ಹದಿನಾಲ್ಕು ಜನರ ಭಿಗವಣದ ದೋಣಿಯಾಯಿತು.

ಖರ್ಚಿಗೆ ಅಕ್ಕ ಹೂಡಿದ ಉಪಾಯ ನಮ್ಮ ಸಂಘ ಸಂಸ್ಥೆಗಳೂ ಅನುಸರಿಸತಕ್ಕದ್ದು. ಒಂದು ಡಬ್ಬಿ ಇಡುವುದು. ಪ್ರತಿಯೊಬ್ಬರೂ ಮುಚ್ಚಿದ ಲಕೋಟೆ ಹಾಕುವುದು. ಲಕೋಟೆಯ ಮೇಲೆ ಹೆಸರಾಗಲಿ ಮೊತ್ತವಾಗಲಿ ಬರೆಯಕೂಡದು. ಯಾರು ಎಷ್ಟು ಹಾಕಿದರೆಂದು ಡಬ್ಬಿಗೂ ಗೊತ್ತಾಗುವುದಿಲ್ಲ. ಕೂಡಿದ ಮೊತ್ತದಲ್ಲಿ ಆದಷ್ಟು ಏರ್ಪಾಟು. ಲೆಕ್ಕ ತೆರೆದಾಗ ಖರ್ಚು ಕಳೆದು ಹಣ ಉಳಿದಿತ್ತು.

ಸಂಕ್ರಾಂತಿಯ ಮರುದಿನವಲ್ಲ, ಅದರ ಮರುದಿನ, 2025ರ ಜನವರಿ 16, ಗುರುವಾರ. ಸೊಲ್ಲಾಪುರದವರು ಸಿದ್ಧೇಶ್ವರನ ಗಡ್ಡದ ಜಾತ್ರೆ ಮುಗಿಸಿಕೊಂಡು, ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಬಂದರು. ಬರಬೇಕಾದ ಹದಿನಾಲ್ಕರಲ್ಲಿ ಹನ್ನೊಂದು ಜನ ಬಂದೆವು. ಒಬ್ಬರು ಆಸ್ಪತ್ರೆಯಲ್ಲಿದ್ದರು, ಬೆಂಗಳೂರಿನ ಇನ್ನೊಬ್ಬರಿಗೆ ಜ್ವರ. ಹೆಂಡತಿಯ ಸೇವೆಯಲ್ಲಿರುವವರು ಫೋನಿನಲ್ಲಿ ಬರುವೆನೆಂದು ಹೇಳಿದ್ದರು.

ನೀರಿನ ವಿಷಯದಲ್ಲಿ ಉಪೇಕ್ಷೆ ಸಲ್ಲದು. 2024ರ ಮೇ 21ರ ಸಂಜೆ ಇದೇ ಉಜನಿಯ ಹಿನ್ನೀರಿನಲ್ಲಿ, ಕುಗಾವದಿಂದ ಕಳಾಶಿಯ ಕಡೆಗೆ ಬರುತ್ತಿದ್ದ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಪ್ರಾಣ ಕಳೆದುಕೊಂಡಿದ್ದರು. ಆದ್ದರಿಂದ ನಾವು ಮೊದಲೇ ಮೂರು ಕಟ್ಟಳೆ ಮಾಡಿಕೊಂಡಿದ್ದೆವು: ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೀಟು ಇರಬೇಕು ಮತ್ತು ಅದರ ಪಟ್ಟಿ ಬಿಗಿದಿರಬೇಕು, ಒಂದು ದೋಣಿಗೆ ಆರಕ್ಕಿಂತ ಹೆಚ್ಚು ಜನ ಕೂಡದು, ಗಾಳಿ ಏಳುವ ಮುಂಚೆ, ಬೆಳಿಗ್ಗೆ ಹತ್ತರೊಳಗೆ ದಡ ಸೇರಬೇಕು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಸಾಲಾಗಿ ನಿಂತ ಹನ್ನೊಂದು ಮುದುಕರನ್ನು ನೋಡಿ ದಡದ ಹುಡುಗರು ನಕ್ಕರು. ನಾವೂ ನಕ್ಕೆವು.

ದೋಣಿಗೆ ಹತ್ತುವುದೇ ದೊಡ್ಡ ಸಾಹಸ. ಕುರಕುಂಭದ ಗೆಳೆಯರ ಎಡಗೈಯಲ್ಲಿ ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಜಾಗವಿದೆ, ಆ ಕೈಯನ್ನು ಹಿಡಿದು ಎಳೆಯುವಂತಿಲ್ಲ. ಅಂಬಿಗ ಮರದ ಹಲಗೆಯೊಂದನ್ನು ದಡದಿಂದ ದೋಣಿಗೆ ಹಾಸಿದ. ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂಡಿಸಿ, ಮಗ ಒಂದು ಕಡೆ, ಅಂಬಿಗ ಒಂದು ಕಡೆ ಎತ್ತಿ ಒಳಗಿಳಿಸಿದರು. “ಲಗ್ನದಾಗೂ ನನ್ನ ಹಿಂಗ ಎತ್ತಿದ್ದಿಲ್ಲ,” ಎಂದು ಅವರು ಗಂಭೀರವಾಗಿ ಹೇಳಿದರು.

ಆ ವರ್ಷ ಮಳೆ ಚೆನ್ನಾಗಿತ್ತು, ಜಲಾಶಯ ತುಂಬಿತ್ತು. ಆಳ ನೀರಿನಲ್ಲಿ ರಾಜಹಂಸಗಳಿಗೆ ಕಾಲೂರಲು ಜಾಗವಿಲ್ಲ. ನೀರು ಇಳಿದು ಕೆಸರಿನ ತಿಟ್ಟುಗಳು ಮೇಲೆದ್ದಾಗ ಅವು ಸಾವಿರಗಟ್ಟಲೆ ಬರುತ್ತವೆ. ಮರಾಠಿಯಲ್ಲಿ ಅವಕ್ಕೆ ರೋಹಿತವೆಂದು ಹೆಸರು. ತಿನ್ನುವ ಪಾಚಿ ಮತ್ತು ಸಣ್ಣ ಜಲಜಂತುಗಳಿಂದಲೇ ಅವುಗಳ ಗರಿಗೆ ಗುಲಾಬಿ ಬಣ್ಣ ಬರುವುದೆಂದು ತಿಳಿದವರು ಹೇಳುತ್ತಾರೆ. ನಮಗೆ ಕಂಡವು ಹತ್ತೋ ಹನ್ನೆರಡೋ, ಅವೂ ದೂರದಲ್ಲಿ. ಆದರೆ ಬಣ್ಣದ ಕೊಕ್ಕರೆಗಳು ಬೇಕಾದಷ್ಟಿದ್ದವು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿದ್ದ ಹೆಬ್ಬಾತುಗಳ ಹಿಂಡೊಂದು ಕಂಡಿತು; ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. “ಇವಕ್ಕ ಯಾರು ರಿಯಾಯತಿ ಕೊಡತಾರ?” ಎಂದರು ಪವರ್‌ಲೂಮಿನ ಗೆಳೆಯರು. ದೋಣಿಯಲ್ಲಿ ಎಲ್ಲರಿಗಿಂತ ಮುಂದೆ ಕೂತವರು, ಸಮುದ್ರಕ್ಕೆ ಅಂಜುತ್ತೇನೆಂದಿದ್ದ ಅವರೇ.

ನಡುನೀರಿಗೆ ಬಂದಾಗ ಅಂಬಿಗ ಯಂತ್ರ ನಿಲ್ಲಿಸಿ ಕೈ ತೋರಿಸಿದ. ಈ ನೀರಿನ ಕೆಳಗೆ ತನ್ನ ಅಜ್ಜನ ಹೊಲವಿದೆ, ಅಪ್ಪ ಕಲಿತ ಶಾಲೆಯಿದೆ ಎಂದು ಮರಾಠಿಯಲ್ಲಿ ಹೇಳಿದ. ಅಣೆಕಟ್ಟು ಕಟ್ಟಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು. ಪಳಸದೇವದ ಹಳೆಯ ಗುಡಿ ನೀರು ಇಳಿದ ವರ್ಷ ಹೊರಗೆ ಕಾಣುತ್ತದೆ, ತುಂಬಿದ ವರ್ಷ ಒಳಗಿರುತ್ತದೆ. ಊರವರು ಆಗ ದಡದ ಮೇಲೆ ನಿಂತು, ಗುಡಿಯಿಂದ ಅಳತೆ ಹಿಡಿದು ತಮ್ಮ ತಮ್ಮ ಮನೆಗಳ ಜಾಗವನ್ನು ಗುರುತಿಸುತ್ತಾರಂತೆ. ಅಪ್ಪನ ಜೊತೆ ಕಲಿತವರು ಕೂಡುತ್ತಾರೇನೆಂದು ಅಕ್ಕ ಕೇಳಿದರು. “ಎಲ್ಲಿ ಕೂಡುವುದು ತಾಯಿ? ಒಬ್ಬೊಬ್ಬರಿಗೆ ಒಂದೊಂದು ಕಡೆ ಜಾಗ ಕೊಟ್ಟರು,” ಎಂದ ಅವನು. ಎರಡು ದೋಣಿಗಳೂ ಪಕ್ಕಪಕ್ಕದಲ್ಲಿ ನಿಂತಿದ್ದವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಶಾಲೆಯ ಕಟ್ಟಡ ಇಂದಿಗೂ ನಿಂತಿದೆ. ಬಣ್ಣ ಬದಲಾಗಿದೆ, ಬೇವಿನ ಮರ ಇಲ್ಲ, ಅಷ್ಟೆ.

ಹೊಳೆಯೂ ಅದೇ. ಭೀಮಾಶಂಕರದಲ್ಲಿ ಹುಟ್ಟಿ, ದೌಂಡದ ಪಕ್ಕದಲ್ಲಿ ಹಾದು, ಉಜನಿಯಲ್ಲಿ ತಂಗಿ, ಪಂಢರಪುರದಲ್ಲಿ ವಿಠ್ಠಲನ ಕಾಲಡಿ ಚಂದ್ರಭಾಗೆಯಾಗಿ, ನಮ್ಮ ಶಾಲೆಯ ಹಿಂದೆ ಗಡಿಯಾಗಿ ಹರಿದು, ಕಲಬುರಗಿ ಜಿಲ್ಲೆಯನ್ನು ದಾಟಿ ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತಾಳೆ. ಒಟ್ಟು 861 ಕಿಲೋಮೀಟರು. ನಾವೆಲ್ಲ ಈಜು ಕಲಿತದ್ದು ಈ ನೀರಿನಲ್ಲೇ. ಕುರಕುಂಭದ ಗೆಳೆಯರು ಬಲಗೈಯನ್ನು ದೋಣಿಯ ಅಂಚಿನಿಂದ ಇಳಿಬಿಟ್ಟು ನೀರಿನಲ್ಲಿ ಅದ್ದಿದರು. ಕುಡಿಯುವ ನೀರಿಗೆ ಅಳತೆಯುಂಟು, ಮುಟ್ಟುವ ನೀರಿಗಿಲ್ಲ. ತಿರುಗಿ ದಡ ಮುಟ್ಟುವ ವರೆಗೂ ಆ ಕೈಯನ್ನು ಅವರು ಮೇಲೆತ್ತಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಹೆಂಡತಿಯ ಹಾಸಿಗೆಯ ಪಕ್ಕದಲ್ಲಿ ಕೂತ ಗೆಳೆಯರ ಮುಖ ಕಾಣಿಸಿತು. ಅಕ್ಕ ಪರ್ಸಿನಿಂದ ಚೀಟಿ ತೆಗೆದು ಪಟದ ಸಾಲಿನಲ್ಲೇ ಹಾಜರಿ ಕರೆದರು, ಹಿಂದೆ ಗುರುಗಳು ಕರೆಯುತ್ತಿದ್ದ ಕ್ರಮದಲ್ಲಿ. ದೋಣಿಯಲ್ಲಿದ್ದವರು “ಹಾಜರ” ಎಂದರು. ತೀರಿಕೊಂಡವರ ಹೆಸರು ಬಂದಾಗ ಅಕ್ಕ ತುಸು ತಡೆದು ಮುಂದಿನ ಹೆಸರಿಗೆ ಹೋದರು. ಫೋನಿನಲ್ಲಿದ್ದವರ ಸರದಿ ಬಂದಾಗ ನೆಟ್‌ವರ್ಕು ಕಡಿಯಿತು. ದಡಕ್ಕೆ ಬಂದ ಮೇಲೆ ಅವರ ಸಂದೇಶ ನೋಡಿದೆವು: “ಹಾಜರ ಅಂದೆ. ಕೇಳಿಸಿತೋ ಇಲ್ಲೋ? ನಮ್ಮಾಕೀನೂ ನಕ್ಕಳು.”

ಹತ್ತು ಗಂಟೆಗೆ ದಡ. ಊಟಕ್ಕೆ ಭಿಗವಣದಲ್ಲಿ ಮೀನು ಪ್ರಸಿದ್ಧ. ನಮ್ಮಲ್ಲಿ ಬಹುಜನ ಅದನ್ನು ಮುಟ್ಟುವವರಲ್ಲ, ಕಟ್ಟಿಕೊಂಡು ಬಂದ ಸಜ್ಜೆ ರೊಟ್ಟಿ, ಭರ್ತ, ಶೇಂಗಾ ಹೋಳಿಗೆ ಬಿಚ್ಚಿದೆವು. ಎಳ್ಳುಬೆಲ್ಲ ಹಂಚಿದೆವು. ಮೂರು ಗಂಟೆಯೊಳಗೆ ಕುರಕುಂಭದ ಗೆಳೆಯರನ್ನು ಮನೆ ಮುಟ್ಟಿಸಿದೆವು. ಮರುದಿನ ಶುಕ್ರವಾರ.

ಹಡಗಿನ ಮಾತೂ ಬಿದ್ದುಹೋಗಲಿಲ್ಲ. ಎಂಟು ಜನರಲ್ಲಿ ಐವರು ಫೆಬ್ರವರಿಯಲ್ಲಿ ಮುಂಬಯಿಯಿಂದ ಗೋವೆಗೆ ಹೋಗಿ ಬಂದರು, ಅಕ್ಕನೂ ಸೇರಿ. ಪಟ್ಟಿಯಲ್ಲಿ ಬರೆದ ಮುನ್ನೆಚ್ಚರಿಕೆಗಳೆಲ್ಲ ಉಪಯೋಗಕ್ಕೆ ಬಂದವೆಂದು ವರದಿ ಮಾಡಿದರು. ಗೊರಕೆಯ ಕಲಮು ಮಾತ್ರ ಸಾಲದೆಂದು ಒಬ್ಬರ ಅಭಿಪ್ರಾಯ. ಅವರಿಗೆ ಯಾರ ಮುಂದೆಯೂ ಸಂಕೋಚಪಡುವ ಕಾರಣವಿರಲಿಲ್ಲ. ವರ್ಗವು ಆಗಲೇ ಕೂಡಿ ಆಗಿತ್ತು, ಅವರು ಹೋದದ್ದು ಪ್ರವಾಸಕ್ಕೆ. ಕುರಕುಂಭಕ್ಕೆ ಫೋಟೋ ಕಳಿಸಿದರು. “ಛಲೋ ಅದಾವ. ಆದ್ರ ನೀರು ಉಪ್ಪು,” ಎಂದು ಉತ್ತರ ಬಂತು.

ನಮ್ಮ ಪರಿಷತ್ತು, ಸಂಘ, ಕೂಟಗಳಲ್ಲಿ ಈಗ ಹಿರಿಯರೇ ಹೆಚ್ಚಾಗುತ್ತಿದ್ದಾರೆ. ಹಳೆಯ ವಿದ್ಯಾರ್ಥಿಗಳ ಕೂಟವನ್ನು ಹೂಡುವ ಉತ್ಸಾಹಿಗಳು ಮೊದಲು ಜಾಗವನ್ನು ಗೊತ್ತುಮಾಡಿ ಆಮೇಲೆ ಯಾರು ಬರುತ್ತಾರೆಂದು ಕೇಳುವುದು ವಾಡಿಕೆ. ಅದರ ಬದಲು ಮೊದಲು ಒಂದು ಹಾಳೆಯಲ್ಲಿ ಹೆಸರು ಬರೆದು, ಬರಲಾಗದವರು ಯಾವ ಕಾರಣಕ್ಕೆ ಬರಲಾರರೆಂದು ಅವರನ್ನೇ ಕೇಳಿ, ಅವರಲ್ಲಿ ಅತ್ಯಂತ ಕಷ್ಟದಲ್ಲಿರುವವರಿಗೆ ಯಾವ ದಿನ, ಎಷ್ಟು ಹೊತ್ತು ಬಿಡುವೆಂದು ತಿಳಿದು, ಆಮೇಲೆ ಜಾಗವನ್ನು ಹುಡುಕಬಹುದು. ದೂರ ಹೋಗಬಲ್ಲವರು ಹೇಗೂ ಹೋಗುತ್ತಾರೆ. ನಮ್ಮ ವರ್ಗದ ಮುಂದಿನ ಕೂಟಗಳಿಗೆ ವಾರ ಗೊತ್ತಾಗಿದೆ: ಗುರುವಾರ.